ದಾರಿಹೋಕನ ರೊಟ್ಟಿ

ಫ್ರಾನ್ಸಿನ ಪಡುವಣ ತುದಿಯ ಬ್ರಿಟನಿ ಸೀಮೆಯಲ್ಲಿ ಪೋರ್ಲುವೆನ್ ಎಂಬ ಮೀನುಗಾರರ ಊರಿದೆ. ಕಲ್ಲಿನ ಮನೆಗಳು, ದೋಣಿಗೆ ಬಳಿದು ಉಳಿದ ಬಣ್ಣವನ್ನೇ ಹಚ್ಚಿಕೊಂಡ ಕಿಟಕಿ ಬಾಗಿಲುಗಳು, ಕಡಲು ಹಿಂದೆ ಸರಿದಾಗ ಕೆಸರಿನಲ್ಲಿ ಒರಗಿ ನಿಲ್ಲುವ ದೋಣಿಗಳು, ಊರೆಂದರೆ ಇಷ್ಟೇ. ಹೇಳಿಕೊಳ್ಳುವಂಥದ್ದೇನೂ ಇಲ್ಲ. ಆದರೂ ಪಟ್ಟಣದ ಗದ್ದಲಕ್ಕೆ ಬೇಸತ್ತವರು ಬೇಸಿಗೆಯಲ್ಲಿ ಇಲ್ಲಿಗೆ ಬಂದು, ಅಂದುಕೊಂಡದ್ದಕ್ಕಿಂತ ಹೆಚ್ಚು ದಿನ ನಿಂತುಬಿಡುತ್ತಾರೆ. ಊರಂಚಿನಲ್ಲಿ ಕಡಲಿಗೆ ಚಾಚಿದ ಬಂಡೆಯೊಂದಿದೆ. ಅದರ ಹೆಸರು ದಾರಿಹೋಕನ ರೊಟ್ಟಿ. ಆ ಸೀಮೆಯ ರೊಟ್ಟಿ ನಮ್ಮದರಂತೆ ತೆಳುವಲ್ಲ. ತಳ ಚಪ್ಪಟೆ, ಮೇಲೆ ಉಬ್ಬು. ಬಂಡೆಯೂ ಹಾಗೆಯೇ ಇರುವುದರಿಂದ ಹೆಸರು ಆಕಾರಕ್ಕೆ ಬಂತೆಂದು ಪ್ರವಾಸಿಗಳು ತಿಳಿಯುತ್ತಾರೆ. ರೊಟ್ಟಿಯೇನೋ ಸರಿ, ದಾರಿಹೋಕ ಯಾರೆಂದು ಕೇಳುವವರು ಕಡಿಮೆ.

ಹಿಂದೆ ಒಮ್ಮೆ, ಹಾಯಿದೋಣಿಗಳ ಕಾಲದಲ್ಲಿ, ನೋಲ್ವೆನ್ ಎಂಬಾಕೆ ಆ ಬಂಡೆಯ ಬಳಿ ವಾಸವಾಗಿದ್ದಳು. ಗಂಡ ಎರ್ವಾನ್ ಊರ ಗಂಡಸರೊಂದಿಗೆ ಮೀನಿಗೆ ಹೋಗಿದ್ದ ದಿನ, ಕಡಲನ್ನೇ ಕಾಣದ ಒಳನಾಡಿನ ದಾರಿಹೋಕನೊಬ್ಬ ಅದನ್ನು ನೋಡಲು ಬಂದು ಆಕೆಯ ಮನೆಯಲ್ಲಿ ಊಟಕ್ಕೆ ಕುಳಿತ. ರೊಟ್ಟಿ ಮುರಿದುಕೊಂಡು ಉಳಿದದ್ದನ್ನು ಬೋರಲಾಗಿ ಇಟ್ಟ. ಮನೆಯಲ್ಲಿ ರೊಟ್ಟಿ ಬೋರಲಾದರೆ ಕಡಲಲ್ಲಿ ದೋಣಿ ಬೋರಲಾಗುತ್ತದೆ ಎನ್ನುತ್ತಾರೆ ಮೀನುಗಾರರು. ಒಳನಾಡಿನವನಿಗೆ ಇದೆಲ್ಲ ಏನು ಗೊತ್ತು? ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುವಂತೆ ಆಗಲೇ ಬಿರುಗಾಳಿ ಎದ್ದಿತು. ಕಿಟಕಿ ಮುಚ್ಚಲು ನೆರವಾಗಲೆಂದು ಬಂದ ನೆರೆಯವಳು ರೊಟ್ಟಿಯನ್ನು ಕಂಡು ಚೀರಿದಳು. ಬಾಗಿಲಲ್ಲಿ ಹೆಂಗಸರು ನೆರೆದರು.

“ಅವನನ್ನ ಆಚೆ ಹಾಕೇ ನೋಲ್ವೆನ್! ನಿನ್ನ ಗಂಡನೂ ಅದೇ ನೀರಿನ ಮೇಲಿದ್ದಾನೆ!” ಎಂದಳು ನೆರೆಯವಳು.

ನೋಲ್ವೆನ್‌ಳಿಗೂ ಅವನ ಮೇಲೆ ಕೋಪ ಬಂದದ್ದು ನಿಜ. ಬಾರದಿರಲು ಅವಳೇನು ಕಲ್ಲೇ? ದಾರಿಹೋಕನೋ, ತಾನೇನು ತಪ್ಪು ಮಾಡಿದೆನೆಂದು ತಿಳಿಯದೆ ಬಿಳಿಚಿಕೊಂಡು ನಿಂತಿದ್ದ.

“ಪಾಪ, ಗೊತ್ತಿಲ್ಲದೆ ಮಗುಚಿಟ್ಟ ಕಣ್ರೇ. ಗೊತ್ತಿದ್ದೂ ಗೊತ್ತಿದ್ದೂ ನಾನು ಮನೆಗೆ ಬಂದವನನ್ನ ಈ ಗಾಳಿಗೆ ತಳ್ಳಲಾ?”

ಹೀಗೆಂದವಳೇ ರೊಟ್ಟಿಯನ್ನೆತ್ತಿ ನೇರ ಮಾಡಿ, ಬಂಡೆಯ ಮೇಲೆ ಹೋಗಿ ಕಡಲಿಗೆ ಎದುರಾಗಿ ಹಿಡಿದು ನಿಂತಳು. ದಾರಿಹೋಕ ಹಿಂದೆಯೇ ಹೋಗಿ ಗಾಳಿಗೆ ಅಡ್ಡವಾಗಿ ನಿಂತ. ಸಂಜೆಯೊಳಗೆ ದೋಣಿಗಳು ಒಂದೊಂದಾಗಿ ದಡ ಸೇರಿದವು. ಎರ್ವಾನನದು ಬರಲಿಲ್ಲ.

ಇನ್ನು ಆ ಪರವೂರಿನವನ ಕಥೆ ಮುಗಿಯಿತೆಂದು ಊರು ಉಸಿರು ಬಿಗಿಹಿಡಿಯಿತು. ನೋಲ್ವೆನ್ ರೊಟ್ಟಿ ಮುರಿದು ಅವನ ಕೈಗಿಟ್ಟು, “ನಿನ್ನ ಊಟ ಅರ್ಧಕ್ಕೇ ನಿಂತಿತ್ತು, ತಿನ್ನಪ್ಪ” ಎಂದಳಂತೆ. ಅವಳು ಅತ್ತದ್ದು ಆಮೇಲೆ, ಮನೆಗೆ ಹೋಗಿ.

ಇಂದಿಗೂ ಪೋರ್ಲುವೆನ್ನಿನ ಊಟದ ಮನೆಗಳಲ್ಲಿ ಪ್ರವಾಸಿಗಳು ಮಾತಿನ ಭರದಲ್ಲಿ ರೊಟ್ಟಿಯನ್ನು ಬೋರಲಾಗಿ ಇಡುವುದುಂಟು. ಬಡಿಸುವಾಕೆ ನೀರು ಬೇಕೇ ಎಂದು ಕೇಳುತ್ತ ಅದನ್ನು ನೇರ ಮಾಡಿಟ್ಟು, ಕಿಟಕಿಯಾಚೆ ಕಡಲನ್ನು ಒಮ್ಮೆ ನೋಡಿ ಒಳಗೆ ಹೋಗುತ್ತಾಳೆ.