ಜಟ್ಟಿ ಹಾಕಿದ ಬಾಗಿಲು

ಬಾಳ ಬಾಳ ಹಿಂದೆ, ನಿನ್ನ ಮುತ್ತಜ್ಜಿಗೂ ಹಲ್ಲು ಹುಟ್ಟದ ಕಾಲದಲ್ಲಿ, ಕಡಲದಂಡೆ ಊರಲ್ಲಿ ಬೆಳ್ಳಕ್ಕ ಅಂತ ಒಬ್ಳಿದ್ಲಂತೆ, ಅವಳಿಗೆ ಮೂರು ಗಂಡುಮಕ್ಕಳು, ಜಟ್ಟಿ, ಹೊನ್ನ, ಕುಪ್ಪ. ಅಲ್ಲಿಯ ರಾಜ ನೀರೊಳಗೇ ಹೋಗೋ ಕಬ್ಬಿಣದ ದೋಣಿ ಮಾಡಿಸಿ, ದೊಡ್ಡವ ಜಟ್ಟಿನ ಅದಕ್ಕೆ ಯಜಮಾನ ಮಾಡಿದ್ನಂತೆ. ತಮ್ಮಂದಿರೂ ಅವನ ಜೊತೆಗೇ ಹೊರಟ್ರಂತೆ.

ಒಂದಿನ ಅವರು ನೀರೊಳಗೆ ಹೋಗ್ತಿದ್ದಾಗ ಮೇಲೆ ಶತ್ರುವಿನ ಹಡಗು ಬಂತಂತೆ. ಉಸಿರು ಕೇಳಿದ್ರೂ ಸಿಕ್ಕಿಬೀಳ್ತೀವಿ, ಇನ್ನೂ ಕೆಳಗೆ ಇಳೀರಿ ಅಂದ ಜಟ್ಟಿ. ಇಳೀತಾ ಇಳೀತಾ ನೀರು ಹಿಂಡೋಕೆ ಶುರುಮಾಡ್ತಂತೆ ಕೂಸೇ, ಗೋಡೆಯಿಂದ ಗೋಡೆಗೆ ಬಿಗಿದು ಕಟ್ಟಿದ್ದ ದಾರ, ದೋಣಿ ಕುಗ್ಗಿ ಕುಗ್ಗಿ, ಜೋತುಬಿತ್ತಂತೆ. ಆಮೇಲೆ ಚಳಿ, ಕಬ್ಬಿಣವೆಲ್ಲ ಬೆವರಿ ತೊಟ್ಟಿಕ್ಕೋದು, ಗಾಳಿ ಕೆಟ್ಟು ಎಲ್ಲರಿಗೂ ತಲೆಸಿಡಿತ. ಅದನ್ನೂ ತಡ್ಕೊಂಡ್ರು. ಆಮೇಲೆ ಉಪ್ಪು ಕಮ್ಮಿ ಇರೋ ತೆಳುನೀರು ಸಿಕ್ತಂತೆ, ತೆಳುನೀರು ದೋಣಿ ಭಾರ ಹೊರ್ಲಿಲ್ಲ, ಬಾವಿಗೆ ಬಿದ್ದ ಕೊಡದ ಹಾಗೆ ಸರ್‍ರನೆ ಇಳಿದೇ ಹೋಯ್ತು.

ಅಷ್ಟು ಆಳದಲ್ಲಿ ಹಿಂದಿನ ಕೋಣೆಯ ಕೊಳವೆ ಒಡೆದು ಕಡಲನೀರು ಒಳಗೆ ಬರೋಕೆ ಶುರುವಾಯ್ತಂತೆ. ಅಲ್ಲಿದ್ದವ ಹೊನ್ನ. ಒಡೆದ ಜಾಗಕ್ಕೆ ಹಲಗೆ ಇಟ್ಟು, ಬೆನ್ನುಕೊಟ್ಟು ಒತ್ತಿಹಿಡಿದು, ಜೊತೆಯವರನ್ನೆಲ್ಲ ಹೊರಗೆ ಓಡಿಸಿದ್ನಂತೆ. ಅವ ಹಲಗೆ ಬಿಟ್ರೆ ಬಾಗಿಲು ಹಾಕೋಕೂ ಬಿಡದೆ ನೀರು ನುಗ್ತದೆ.

ಜಟ್ಟಿ, ಕುಪ್ಪ ಬಾಗಿಲಿಗೆ ಓಡಿಬಂದ್ರು. ಅಣ್ಣಾ, ಬಾಗಿಲು ಹಾಕು, ಬೆನ್ನು ಸೋಲ್ತಾ ಇದೆ ಅಂತ ಕೂಗಿದ್ನಂತೆ ಹೊನ್ನ.

ಕುಪ್ಪ ಜಟ್ಟಿಯ ತೋಳು ಹಿಡ್ಕೊಂಡು, ಬೇಡ ಅಣ್ಣಾ, ಒಂದು ಗಳಿಗೆ ತಡಿ ಅಂತ ಗೋಗರೆದ. ಜಟ್ಟಿ ಹೊನ್ನನ ಮುಖ ನೋಡಿದ, ತೋಳು ಬಿಡಿಸ್ಕೊಂಡ, ಬಾಗಿಲು ಹಾಕಿ ಅಗುಳಿ ತಿರುಗಿಸಿದ್ನಂತೆ. ಹಲಗೆ ಬಿಟ್ಟ ಹೊನ್ನ ಆಚೆಯಿಂದ ಬಾಗಿಲು ತಟ್ತಾ ಇದ್ದ, ಆಮೇಲೆ ತಟ್ಲಿಲ್ಲ. ಜಟ್ಟಿ, ದೋಣಿ ಮುಳುಗೋಕೆ ಅಂತ ತುಂಬಿಸಿದ್ದ ತೊಟ್ಟಿಗಳ ನೀರನ್ನ ಗಾಳಿಯಿಂದ ಹೊರಗೆ ತಳ್ಳಿಸಿದ, ದೋಣಿ ನರಳ್ತಾ ನರಳ್ತಾ ಮೇಲೆ ಬಂತಂತೆ. ಶತ್ರು ಹಡಗು ಅಷ್ಟರಲ್ಲಿ ದೂರ ಹೋಗಿತ್ತಂತೆ.

ಮನೆಗೆ ಬಂದ್ರೆ ಬೆಳ್ಳಕ್ಕ ಅಂಗಳದಲ್ಲೇ ನಿಂತಿದ್ಲು. ಹೊನ್ನ ಎಲ್ಲೋ ಅಂದ್ಲು. ಕುಪ್ಪ ಬಾಯಿ ತೆರೆಯೋಕೂ ಮುಂಚೆ ಜಟ್ಟಿನೇ, ನಾನೇ ಬಾಗಿಲು ಹಾಕ್ದೆ ಅಮ್ಮಾ ಅಂದುಬಿಟ್ನಂತೆ. ಬೆಳ್ಳಕ್ಕ ಅವನ ಕೆನ್ನೆಗೆ ಹೊಡೆದ್ಲು, ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಲು.

ಆಮೇಲೆ ಆ ಬಾಗಿಲು ಹಾಕಿದ್ರಿಂದ ಬದುಕಿದ ದೋಣಿಯವರೆಲ್ಲ ಹೆಂಡ್ತಿ ಮಕ್ಕಳ ಸಮೇತ ಬಂದು ಅಂಗಳದಲ್ಲಿ ಕೂತ್ರಂತೆ. ಅಷ್ಟು ಮಕ್ಕಳನ್ನ ನೋಡಿ ಬೆಳ್ಳಕ್ಕ ಎದ್ದು ಒಲೆ ಹಚ್ಚಿದ್ಲು. ಎಲ್ಲರೂ ಉಂಡ್ರು, ಜಟ್ಟಿ ಮಾತ್ರ ತಟ್ಟೆಗೆ ಕೈ ಹಾಕ್ಲಿಲ್ಲ. ಅಗುಳಿ ತಿರುಗಿಸಿದ ಆ ಕೈ ನೋಡ್ಕೊಂಡೇ ಕೂತಿದ್ನಂತೆ. ಬೆಳ್ಳಕ್ಕ ಪಕ್ಕದಲ್ಲಿ ಕೂತು, ಅನ್ನ ಕಲಸಿ, ಬಾಯಿ ತೆಗಿಯೋ ಅಂತ ತಾನೇ ತುತ್ತು ಇಟ್ಲಂತೆ, ಇಬ್ಬರೂ ಅತ್ರಂತೆ.

ಇಲ್ಲಿಗೆ ನಮ್ಮ ಕತೆ ದಡ ಸೇರ್ತು. ಕಣ್ಣು ಮುಚ್ಚು ಕೂಸೇ.