ಬೈಸಿಕೊಂಡ ಪದವಿನಮ್ಮ

ಕಡಲು ಇನ್ನೂ ಗುಡ್ಡದ ಬುಡದವರೆಗೆ ಬಂದು ಹೋಗುತ್ತಿದ್ದ ಕಾಲದಲ್ಲಿ, ಈ ಮುರಕಲ್ಲಿನ ಪದವಿನ ಮೇಲೆ ಗುಡಿಯಿರಲಿಲ್ಲ, ಗಂಟೆಯಿರಲಿಲ್ಲ. ಮರವೂ ನಿಲ್ಲದ, ಗುಡ್ಡದ ನೆತ್ತಿಯ ಆ ಕಲ್ಲುಬಯಲಿನಲ್ಲಿ ಮಳೆಗಾಲ ಬಂದರೆ ಹುಲ್ಲಿನ ನಡುವೆ ನೆಲಸೀತಾಳೆ ಮಾತ್ರ ಬೆಳ್ಳಗೆ ಹೂ ಬಿಡುತ್ತಿತ್ತು. ಹಾಲು ಬತ್ತಿದ ಬಾಣಂತಿಗೆ ಅದರ ಗೆಡ್ಡೆಯೇ ಮದ್ದು ಎಂದು ಸುತ್ತಲಿನ ದನಗಾಹಿಗಳು ನಂಬಿದ್ದರು. ಗಿಡದಡಿ ಎರಡು ಗೆಡ್ಡೆ: ಒಂದು ಸುಕ್ಕಿದ್ದು, ಒಂದು ತುಂಬಿದ್ದು. ತುಂಬಿದ್ದನ್ನು ಕಿತ್ತು, ಸುಕ್ಕಿದ್ದನ್ನು ಮುಂದಿನ ವರ್ಷಕ್ಕೆಂದು ಮಣ್ಣಿಗೆ ಬಿಡುವುದು ಅವರ ಪದ್ಧತಿ. ಧರ್ಮವೆಂದೇ ಮಾಡುತ್ತಿದ್ದರು. ಆದರೂ ವರ್ಷದಿಂದ ವರ್ಷಕ್ಕೆ ಹೂ ಕಡಿಮೆಯಾಗುತ್ತ ಬಂತು. ಯಾಕೆಂದು ಯಾರೂ ಕೇಳಲಿಲ್ಲ.

ಆ ವರ್ಷ ದನಗಾಹಿ ಮನೆಯ ಸೊಸೆ ಚಿಕ್ಕುವಿಗೆ ಚೊಚ್ಚಲ ಮಗು. ಹಾಲು ನಿಂತುಹೋಗಿತ್ತು. ದನದ ಹಾಲು ಕುಡಿಸಿದರೆ ಕೂಸು ಕಕ್ಕುತ್ತಿತ್ತು. ಅಳುವ ದನಿಯೂ ಇಳಿಯುತ್ತ ಬಂದಾಗ ಅವಳು ಬಾಗಿಲಿಗೆ ಒರಗಿ ಕೂತುಬಿಟ್ಟಳು.

"ಎಂತ ಹೆಣೆ, ಬಾಗ್ಲಿಗೆ ಒರಗಿ ಕೂತ್ರೆ ಹಾಲು ಇಳಿತ್ತಾ?" ಎಂದಳು ಅತ್ತೆ ಬಾಗಮ್ಮ. "ಪದವಿಗ್ ಹೋಗು. ತುಂಬಿದ್ ಗೆಡ್ಡೆ ತಕಂಡ್ ಬಾ."

"ಇಡೀ ಪದವಲ್ಲಿ ಒಂದೇ ಗಿಡ ಉಳಿದದ್ದಲ್ದಾ ಅತ್ತೆ?"

"ನಿನ್ ಕೂಸೂ ಒಂದೇ ಅಲ್ದಾ?"

ಮಗುವನ್ನು ಮಡಿಲಿಗೆ ಕಟ್ಟಿಕೊಂಡು ಚಿಕ್ಕು ಮಳೆಯಲ್ಲೇ ಗುಡ್ಡ ಹತ್ತಿದಳು. ಬೆರಳಿನಿಂದ ಮಣ್ಣು ಬಗೆದಳು. ತುಂಬಿದ ಗೆಡ್ಡೆ ಕೈಗೆ ಬರುತ್ತಲೇ, ಪದವು ಕಾಯುವ ಅಮ್ಮನ ವಾಣಿ ಕಲ್ಲು ನಡುಗುವಂತೆ ಕೇಳಿಸಿತು:

"ಎಲೌ ತರುಣಿ, ನಿನ್ನ ಮುಷ್ಟಿಯಲ್ಲಿರುವುದು ನನ್ನ ಶಿಶು. ಸುಕ್ಕಿದವಳೇ ತಾಯಿ, ತನ್ನ ಸಾರವನ್ನೆಲ್ಲ ಮಗುವಿಗೆರೆದು ಬರಿದಾದವಳು. ಇಷ್ಟು ಕಾಲ ನೀವು ಶಿಶುಗಳನ್ನು ಒಯ್ದು, ಮುಗಿದ ತಾಯಂದಿರನ್ನು ಉಳಿಸಿದಿರಿ. ಇದು ಕಡೆಯದು. ತಿರುಗಿ ನೆಡು."

ಚಿಕ್ಕು ಗೆಡ್ಡೆಯನ್ನು ಬಿಗಿಹಿಡಿದಳು. ನಾಲಗೆಯನ್ನು ಹಿಡಿಯಲಿಲ್ಲ.

"ನೆಡೂದಾ? ನೀನ್ ಎಂಥ ತಾಯಿ? ನಿನ್ ಮಗು ಮಣ್ಣಲ್ಲಿ ಬೆಚ್ಚಗೆ ಮಲಗಲಿ, ನನ್ ಮಗೂನ ಅದೇ ಮಣ್ಣಲ್ಲಿ ಹುಗೀಲಾ? ಇಷ್ಟ್ ವರ್ಷ ಬಾಯಲ್ಲಿ ಎಂತ ಇಟ್ಕಂಡಿದ್ದೆ, ಹೇಳೂಕ್ ಆತಿರ್ಲಿಲ್ಯಾ? ಈ ಕೂಸನ್ನ ಸಾಕೂಕೆ ನೀ ಬತ್ಯಾ?"

ವಾಣಿ ತಗ್ಗಿದ ದನಿಯಲ್ಲಿ, "ಬರುತ್ತೇನೆ. ಮೊದಲು ನೆಡು" ಎಂದಿತು.

ಮೊದಲು ನೆಡಬೇಕಂತೆ! ನೆಟ್ಟ ಮೇಲೆ ದೇವರೇ ಮಾತು ತಪ್ಪಿದರೆ ಯಾರಲ್ಲಿ ಕೇಳುವುದು? ಮಡಿಲ ಕೂಸು ಈಗ ಅಳುತ್ತಲೂ ಇರಲಿಲ್ಲ. ಚಿಕ್ಕು ಗುಳಿಯಲ್ಲಿದ್ದ ಸುಕ್ಕಿದ ಗೆಡ್ಡೆಯನ್ನು ನೋಡಿದಳು. ತನ್ನ ಎದೆಯೂ ಹಾಗೆಯೇ ಇತ್ತು. ಬೈಯುತ್ತಲೇ ನೆಟ್ಟಳು, ಬೈಯುತ್ತಲೇ ಮಣ್ಣು ಮುಚ್ಚಿದಳು. ಮಣ್ಣೊತ್ತಿದ ಅಂಗೈಯ ಪಕ್ಕದಲ್ಲೇ ಮುರಕಲ್ಲು ಸೀಳಿ ಹಾಲಿನಂಥ ನೀರು ಉಕ್ಕಿತು. ಬೊಗಸೆಯಲ್ಲಿ ಮೊಗೆದು ಕುಡಿದಳು. ಎದೆ ಬಿಗಿಯಿತು, ಮಳೆಗೆ ತೊಯ್ದ ಸೆರಗಿಗೆ ಬೆಚ್ಚಗೆ ಹಾಲು ಇಳಿಯಿತು. ಕೂಸು ಬಾಯಿ ತೆರೆಯಲಿಲ್ಲ. ಕೆನ್ನೆ ತಟ್ಟಿದಳು, ಮತ್ತೆ ತಟ್ಟಿದಳು. ಆಮೇಲೆ ತೆರೆಯಿತು.

ಆ ಬುಗ್ಗೆ ಇಂದಿಗೂ ಗುಡಿಯ ಬಲಬದಿಯಲ್ಲಿದೆ, ಬಿರುಬೇಸಿಗೆಯಲ್ಲೂ ಬತ್ತದು. ಮಳೆಗಾಲದ ಸೋಣೆ ತಿಂಗಳಲ್ಲಿ ಪದವೆಲ್ಲ ಬೆಳ್ಳಗಾಗುತ್ತದೆ, ಗೆಡ್ಡೆಗೆ ಯಾರೂ ಕೈ ಹಾಕುವುದಿಲ್ಲ. ಸೋಣೆಯ ಶನಿವಾರಗಳಂದು ಕೂಸುಗಳನ್ನು ಹೊತ್ತು ಬರುವ ತಾಯಂದಿರಿಗೆ ಇಲ್ಲಿ ಒಂದೇ ನಿಯಮ: ಕೈ ಮುಗಿಯುವ ಮೊದಲು ಅಮ್ಮನನ್ನು ಬಾಯ್ತುಂಬ ಬೈಯಬೇಕು. ನಾಚಿ ಮೆಲ್ಲಗೆ ಬೈದವರಿಗೆ ಅರ್ಚಕರು, "ಅಮ್ಮನಿಗೆ ಕೇಳಿಸಲಿಲ್ಲ, ಇನ್ನೊಮ್ಮೆ" ಎಂದು ತೀರ್ಥದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ.