ಸ್ವಾಮಿಗಳು ಹಾಕಿಸಿಕೊಂಡ ಇಮೇಲ್ ವಿಳಾಸ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಭಜನೆ ಮೇಳದಲ್ಲಿ ತಾಳ ಹಾಕುತ್ತಿದ್ದ ಚೆನ್ನವೀರಪ್ಪನವರು. ಅವರು ಹೇಳಿದಂತೆಯೇ ಹೇಳುತ್ತೇನೆ.

ತುಂಗಭದ್ರೆಯ ದಂಡೆಯಲ್ಲಿ ಒಂದು ಆಶ್ರಮ. ಚಿದ್ಘನ ಸ್ವಾಮಿಗಳು ಗುರುಗಳು. ಪಂಪಣ್ಣ ಶಿಷ್ಯ.

ಮರುದಿನ ಬೆಳಿಗ್ಗೆ ಪಂಪಣ್ಣನಿಗೆ ದೀಕ್ಷೆ. ಆ ಆಶ್ರಮದಲ್ಲಿ ಒಂದು ಪದ್ಧತಿ. ಉಟ್ಟ ಬಟ್ಟೆಯನ್ನು ಹೊಳೆಗೆ ಬಿಡಬೇಕು, ಅದರ ಜೊತೆ ಹೆಸರನ್ನೂ ಬಿಡಬೇಕು. ಆಮೇಲೆ ಆ ಹಳೆಯ ಹೆಸರನ್ನು ಅಲ್ಲಿ ಯಾರೂ ಬಾಯಿಗೆ ತರುವುದಿಲ್ಲ.

ಸಂಜೆ ಪಂಪಣ್ಣ ಗುರುಗಳ ಬಳಿ ಬಂದು ಕುಳಿತ. ಮುಖದಲ್ಲಿ ಗೆಲುವಿತ್ತು.

“ತಾವು ಕೊಟ್ಟ ಹೆಸರಿನಲ್ಲೇ ಹೊಸ ಇಮೇಲ್ ಮಾಡಿಕೊಂಡೆ, ಗುರುಗಳೇ. ‘ನಿತ್ಯಬೋಧ’ ಅಂತ. ಫೋನಿಗೂ ಹಾಕಿದೆ, ಆಫೀಸಿನ ಕಂಪ್ಯೂಟರಿಗೂ ಹಾಕಿದೆ.”

“ಹಳೆಯದು?”

“ನಾಳೆ ಹೊಳೆಗೆ ಇಳಿಯೋ ಮೊದಲು ಅಳಿಸಿಬಿಡ್ತೀನಿ. ಬಟ್ಟೆ ಬಿಟ್ಟ ಹಾಗೆ.”

“ಅದಕ್ಕೆ ಯಾರು ಬರೀತಾರೆ?”

“ನನ್ನ ತಮ್ಮ ಜಡೆಪ್ಪ. ಅಪ್ಪ ಹಾಸಿಗೆ ಹಿಡಿದಾಗ ನಾನು ಇಲ್ಲಿಗೆ ಬಂದೆ. ಕೊನೆತನಕ ನೋಡಿಕೊಂಡವನು ಅವನೇ.”

“ಏನು ಬರೀತಾನೆ?”

“ತೆಗೆದು ನೋಡಿಲ್ಲ. ಬೈದಿರ್ತಾನೆ.”

“ಹೊಸ ವಿಳಾಸ ಅವನಿಗೆ ಕೊಟ್ಟೆಯಾ?”

“ಅವನಿಗೆ ಸಿಗಬಾರದು ಅಂತಲೇ ಮಾಡಿದ್ದು, ಗುರುಗಳೇ.”

ಸ್ವಾಮಿಗಳು, ಭಕ್ತರು ಕೊಟ್ಟಿದ್ದ ಫೋನನ್ನು ಜೋಳಿಗೆಯಿಂದ ತೆಗೆದು ಅವನ ಕೈಗಿಟ್ಟರು.

“ನನಗೂ ಒಂದು ವಿಳಾಸ ಹಾಕಿಕೊಡಪ್ಪ.”

ಪಂಪಣ್ಣನಿಗೆ ಹಿಗ್ಗು. ಬೆರಳು ಚುರುಕಾಯಿತು. “ಚಿದ್ಘನ ಅಂತ ಬರೀತೀನಿ.”

“ಬೇಡ. ತಿಪ್ಪೇಶಿ ಅಂತ ಬರಿ.”

“ಯಾರು ಗುರುಗಳೇ ಅದು?”

“ನಾನೇ.”

ಪಂಪಣ್ಣನ ಬೆರಳು ಫೋನಿನ ಮೇಲೆ ನಿಂತೇಹೋಯಿತು. ಗುರುಗಳ ಪೂರ್ವಾಶ್ರಮದ ಹೆಸರನ್ನು ಆಶ್ರಮದ ಹಿರಿಯರೂ ಕೇಳಿದವರಲ್ಲ. ಕೇಳಬಾರದ್ದನ್ನು ಕೇಳಿದೆನಲ್ಲ ಎಂದು ಅವನ ಕಿವಿ ಬಿಸಿಯಾಯಿತು.

“ಹೊಳೆಗೆ ಬಿಟ್ಟ ಹೆಸರಲ್ಲವೇ ಅದು?”

“ಬಿಟ್ಟದ್ದೇ.”

“ಮತ್ತೆ?”

“ನನ್ನ ತಂಗಿ ಹೊನ್ನೂರಮ್ಮ ಇನ್ನೂ ಇದ್ದಾಳೆ. ಮೊಮ್ಮಗಳ ಕೈಲಿ ಬರೆಸ್ತಾಳಂತೆ. ಚಿದ್ಘನ ಸ್ವಾಮಿಗಳು ಅಂತ ಕಂಡರೆ ಅಲ್ಲಿಂದಲೇ ಕೈಮುಗಿದು ಸುಮ್ಮನಾಗ್ತಾಳೆ. ತಿಪ್ಪೇಶಿ ಅಂತ ಕಂಡರೆ ಬೈತಾಳೆ.”

“ಬೈಸಿಕೊಳ್ಳೋದಕ್ಕೆ ವಿಳಾಸವೇ?”

“ಇಲ್ಲಿರೋರೆಲ್ಲ ಕಾಲಿಗೆ ಬೀಳೋರೇ, ಮಗಾ. ಅವಳ ಮದುವೆಯ ಹಂದರ ಹಾಕಿದ್ದಾಗಲೇ ನಾನು ಮನೆ ಬಿಟ್ಟು ಬಂದವನು. ಅವಳ ಬೈಗಳು ನನಗೆ ಬಾಕಿ ಇದೆ.”

ಪಂಪಣ್ಣ ಒಂದೊಂದೇ ಅಕ್ಷರವಾಗಿ ಆ ಹೆಸರು ಒತ್ತಿದ. ಪಾಸ್‌ವರ್ಡ್ ಹಾಕಿಸಿದ. ಫೋನನ್ನು ಎರಡೂ ಕೈಯಲ್ಲಿ ಹಿಂದಕ್ಕೆ ಕೊಟ್ಟ, ಬಿಸಿ ಪಾತ್ರೆ ಕೊಡುವವನ ಹಾಗೆ.

“ಆಫೀಸಿನ ಕಂಪ್ಯೂಟರಿಗೂ ಹಾಕು. ಈ ಫೋನಿನಲ್ಲಿ ಚಾರ್ಜ್ ನಿಲ್ಲೋದಿಲ್ಲ.”

“ಅಲ್ಲಿ ಎಲ್ಲರೂ ನೋಡ್ತಾರೆ, ಗುರುಗಳೇ.”

“ನೋಡಲಿ.”

ಪಂಪಣ್ಣ ಹೋಗಿ ಹಾಕಿದ. ಲೆಕ್ಕ ಬರೆಯುತ್ತಿದ್ದ ಶಿವಲಿಂಗಯ್ಯನವರು ಪರದೆ ನೋಡಿದರು, ಅವನನ್ನು ನೋಡಿದರು, ಕನ್ನಡಕ ತೆಗೆದು ಮತ್ತೆ ನೋಡಿದರು. “ಗುರುಗಳದೇ” ಎಂದ ಪಂಪಣ್ಣ, ತಲೆ ಎತ್ತದೆ.

ತಿರುಗಿ ಬಂದಾಗ ಪಂಪಣ್ಣನ ಗೆಲುವೆಲ್ಲ ಇಳಿದಿತ್ತು. ಗುರುಗಳ ಮುಂದೆ ಕುಸಿದು ಕುಳಿತ.

“ಇಷ್ಟು ವರ್ಷ ತಾವು ಏನನ್ನೂ ಬಿಟ್ಟಿರಲೇ ಇಲ್ಲವೇ?”

“ಮನೆ ಬಿಟ್ಟೆ, ಹೆಸರು ಬಿಟ್ಟೆ. ಅವಳ ಕಣ್ಣು ತಪ್ಪಿಸಿ ಕೂತದ್ದನ್ನೂ ಬಿಡುವುದರ ಲೆಕ್ಕಕ್ಕೇ ಹಾಕಿಕೊಂಡಿದ್ದೆ. ತಮ್ಮನಿಗೆ ಸಿಗಬಾರದು ಅಂತ ನೀನು ಹೇಳಿದಾಗ, ಅದು ಬಿಟ್ಟದ್ದಲ್ಲ ಅಂತ ಗೊತ್ತಾಯಿತು.”

ಪಂಪಣ್ಣ ತಲೆ ತಗ್ಗಿಸಿದ. ಮೆಲ್ಲಗೆ ಕೇಳಿದ:

“ಹಾಗಾದರೆ ನಾಳೆ ನನ್ನ ದೀಕ್ಷೆ?”

ಪಂಪಣ್ಣ ಪಕ್ಕದಲ್ಲಿ ಇಟ್ಟಿದ್ದ ಅವನ ಫೋನನ್ನು ಸ್ವಾಮಿಗಳು ಅವನ ಕಡೆಗೇ ಸರಿಸಿದರು.

“ನಿನ್ನ ತಮ್ಮ ಬರೆದದ್ದನ್ನೆಲ್ಲ ಓದು. ಓದಿದ ಮೇಲೂ ಇಲ್ಲೇ ಕೂತಿದ್ದರೆ, ಬೆಳಿಗ್ಗೆ ಹೊಳೆಗೆ ಹೋಗೋಣ.”

ಕಥೆ ಇಷ್ಟೇ. ನಿಮ್ಮಲ್ಲೇ ಇಟ್ಟುಕೊಳ್ಳದೆ ಇನ್ನೊಬ್ಬರ ಕಿವಿಗೂ ಹಾಕಿ.